ಮಾರ್ಮನ್ನರ ನಂಬಿಕೆಯಲ್ಲಿ ರಕ್ಷಣೆ ಕೃಪೆಯಿಂದಲೋ, ಕ್ರಿಯೆಗಳಿಂದಲೋ?

‘ಮಾರ್ಮನ್ನರು ಒಳ್ಳೆ ಕೆಲಸ ಮಾಡಿ ಸ್ವರ್ಗ ಸಂಪಾದಿಸುತ್ತಾರೆ’ ಅಂತ ನಿಮ್ಮ ಪ್ರೊಟೆಸ್ಟೆಂಟ್ ಗೆಳೆಯರು ಹೇಳಿದ್ದು ನಿಜವೇ ಅಂತ ಕೇಳಿದ್ದೀರಿ. ನಾನು ಮಾರ್ಮನ್ನರ ಸಭೆಗೆ (ಜೋಸೆಫ್ ಸ್ಮಿತ್ ಅಮೆರಿಕದಲ್ಲಿ ಶುರು ಮಾಡಿದ, ಕ್ರಿಸ್ತನನ್ನು ನಂಬುವ ಪಂಥ) ಸೇರಿದವನಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಕೆಲಸ, ಅಕ್ಕಪಕ್ಕದವರು ಹೆಚ್ಚಾಗಿ ಅವರೇ. ಹಾಗಾಗಿ ಈ ವಾದ ಬೇಕಾದಷ್ಟು ಕೇಳಿದ್ದೇನೆ. ಗೆಳೆಯರ ಮಾತು ಅರ್ಧ ಸರಿ.

ರಕ್ಷಣೆ ಅಂದರೆ ಪಾಪ, ಸಾವುಗಳಿಂದ ಬಿಡುಗಡೆ; ಕೃಪೆ ಅಂದರೆ ಅದನ್ನು ದೇವರು ಪುಕ್ಕಟೆಯಾಗಿ ಕೊಡುವುದು. ಮೊದಲು ಯಾವ ರಕ್ಷಣೆ ಅಂತ ಕೇಳಬೇಕು. ಸಾವಿನಿಂದ ಎದ್ದು ಬರುವುದು, ಅಂದರೆ ಪುನರುತ್ಥಾನ, ಎಲ್ಲರಿಗೂ ಪುಕ್ಕಟೆ. ನಂಬಿದವರು, ನಂಬದವರು ಅನ್ನೋ ಭೇದವಿಲ್ಲ. ಆಮೇಲೆ ಮೂರು ಮಹಿಮೆಯ ಲೋಕಗಳಿವೆ ಅಂತ 1832ರ ದರ್ಶನದಲ್ಲಿ ಜೋಸೆಫ್ ಸ್ಮಿತ್ ಹೇಳಿದ್ದಾನೆ. ಸುಳ್ಳುಗಾರರು, ವ್ಯಭಿಚಾರಿಗಳು ಕೂಡ ಶಿಕ್ಷೆ ಮುಗಿಸಿ ಕೆಳಗಿನ ಲೋಕ ಸೇರುತ್ತಾರೆ. ಅದೂ ಮಹಿಮೆಯ ಲೋಕವೇ! ಷರತ್ತು ಜಾಸ್ತಿ ಇರುವುದು ತೀರಾ ಮೇಲಿನ ಸ್ಥಿತಿಗೆ, ಕುಟುಂಬ ಸಮೇತ ದೇವರ ಬಳಿ ಇರುವುದಕ್ಕೆ. ದೀಕ್ಷಾಸ್ನಾನ ಬೇಕು, ದೇವಾಲಯದಲ್ಲಿ ಮದುವೆ ಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ದೇವಾಲಯದ ಒಳಗೆ ಹೋಗಲು ಬಿಷಪ್, ಅಂದರೆ ಸ್ಥಳೀಯ ಸಭೆಯ ಮುಖ್ಯಸ್ಥ, ಸಂದರ್ಶನ ಮಾಡುತ್ತಾರೆ. ವರಮಾನದ ಹತ್ತನೇ ಒಂದು ಪಾಲು ಕೊಡಬೇಕು, ಕಾಫಿ ಟೀ ಮುಟ್ಟಬಾರದು. ನಮ್ಮವರು ಅಲ್ಲೇ ಫೇಲ್, ಬಿಡಿ.

ಜಗಳ ಹುಟ್ಟುವುದು ಇವರ ಧರ್ಮಗ್ರಂಥವಾದ ಮಾರ್ಮನ್ ಗ್ರಂಥದ ಒಂದು ವಚನದಿಂದ, ಎರಡನೇ ನೀಫೈ 25:23. ‘ನಮ್ಮಿಂದಾಗುವುದೆಲ್ಲ ಮಾಡಿದ ಮೇಲೆ ಕೃಪೆಯಿಂದ ರಕ್ಷಣೆ’ ಅನ್ನುವ ಅರ್ಥದ ಮಾತು. ಮೊದಲು ನಿನ್ನ ಪಾಲು ಪೂರ್ತಿ ಮಾಡು, ಉಳಿದದ್ದನ್ನು ಕ್ರಿಸ್ತ ತುಂಬುತ್ತಾನೆ ಅಂತ ಅನೇಕರು ಇದನ್ನು ಓದಿದರು. ಪೂರ್ತಿ ಮಾಡಿದೆ ಅಂತ ಎದೆ ತಟ್ಟಿ ಹೇಳುವವರು ಯಾರಿದ್ದಾರೆ? ಇದನ್ನು ನಂಬಿ ಸುಸ್ತಾದವರನ್ನು ನೋಡಿದ್ದೇನೆ. ಆದರೆ ಅದೇ ಗ್ರಂಥದ ಆಲ್ಮ ಅನ್ನುವ ಭಾಗದ 24ನೇ ಅಧ್ಯಾಯದಲ್ಲಿ, ಕೊಲೆಗಳಿಗೆ ಪಶ್ಚಾತ್ತಾಪ ಪಡುವುದೇ ನಮ್ಮಿಂದಾಗುವುದೆಲ್ಲ ಆಗಿತ್ತು ಅಂತ ಒಬ್ಬ ರಾಜ ಹೇಳುತ್ತಾನೆ. 2015ರ ಏಪ್ರಿಲ್ ಮಹಾಸಭೆಯಲ್ಲಿ ಇವರ ಮುಖಂಡ ಡೀಟರ್ ಉಖ್ಟ್‌ಡಾರ್ಫ್ ಇನ್ನೂ ಬಿಚ್ಚಿ ಹೇಳಿದರು: ವಿಧೇಯತೆ ಕೊಟ್ಟು ರಕ್ಷಣೆ ಕೊಳ್ಳಲಾಗದು, ಆಜ್ಞೆ ಪಾಲಿಸುವುದು ದೇವರ ಮೇಲಿನ ಪ್ರೀತಿಗೆ. ಆಗ ಅವರು ಸಭೆಯ ಅತ್ಯುನ್ನತ ಮಂಡಳಿಯಲ್ಲಿದ್ದರು, ಹಾಗಾಗಿ ಇದು ಯಾರೋ ಸುಮ್ನೆ ಆಡಿದ ಮಾತಲ್ಲ.

ಹಾಗಾದರೆ ಗೆಳೆಯರಿಗೂ ಇವರಿಗೂ ವ್ಯತ್ಯಾಸವೇ ಇಲ್ವಾ? ಇದೆ. ಸತ್ತವರ ಹೆಸರಿನಲ್ಲಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವ ಪದ್ಧತಿ ಇವರಲ್ಲಿದೆ. ಸತ್ತವನು ಅದನ್ನು ಒಪ್ಪಬಹುದು, ಬಿಡಬಹುದು. ಅವನಾಗಿ ಒಂದು ಒಳ್ಳೆ ಕೆಲಸವನ್ನೂ ಅಲ್ಲಿ ಮಾಡಿಲ್ಲ, ಆದರೂ ವಿಧಿ ನಡೆಯಲೇಬೇಕು. ಅದೂ ಇವರದೇ ಯಾಜಕರ ಅಧಿಕಾರದಿಂದ. ಪುಣ್ಯದ ಲೆಕ್ಕಕ್ಕಿಂತ ಈ ಅಧಿಕಾರ ಯಾರಿಗಿದೆ ಅನ್ನುವುದೇ ದೊಡ್ಡ ತಕರಾರು. ಗೆಳೆಯರು ವಾದ ಮಾಡುವುದಾದರೆ ಅದರ ಬಗ್ಗೆ ಮಾಡಲಿ.