ನೈಟ್ರಾಕ್ಸ್ ಉಸಿರಾಡಿದರೆ ಆಳದ ಮಂಪರು ತಪ್ಪುತ್ತದೆಯೇ?

ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ ಕಲಿತು ಅಂಡಮಾನಿಗೆ ಹೋಗಿದ್ದೆ. 30 ಮೀಟರ್ ಆಳದಲ್ಲಿ ತಲೆಗೆ ಮಂಪರು ಕವಿದಂತಾಯಿತು. ಗಾಳಿಯ ಮೀಟರನ್ನು ಮೂರು ಸಲ ನೋಡಿದರೂ ಅಂಕಿ ತಲೆಯಲ್ಲಿ ನಿಲ್ಲಲಿಲ್ಲ. ಮುಂದಿನ ಸಲ ಆಕ್ಸಿಜನ್ ಹೆಚ್ಚಿರುವ ನೈಟ್ರಾಕ್ಸ್ ತೆಗೆದುಕೊಂಡರೆ ಹೀಗಾಗುವುದಿಲ್ಲವಂತೆ, ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅದನ್ನು ನಂಬಿ ಇಳಿಯಬೇಡಿ. ನಿಮಗಾದದ್ದು ನೈಟ್ರೋಜನ್ ನಾರ್ಕೋಸಿಸ್, ಅಂದರೆ ಆಳದ ಒತ್ತಡದಲ್ಲಿ ಉಸಿರಾಡಿದ ಅನಿಲದಿಂದ ಏರುವ ಅಮಲು. ಹೆಸರಲ್ಲೇ ನೈಟ್ರೋಜನ್ ಇದೆಯಲ್ಲ, ಅದನ್ನು ತಗ್ಗಿಸಿದರೆ ಅಮಲೂ ತಗ್ಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. 30 ಮೀಟರಿನಲ್ಲಿ ಒಟ್ಟು ಒತ್ತಡ 4 ಬಾರ್. ಮಾಮೂಲಿ ಗಾಳಿಯಾದರೆ ಅದರಲ್ಲಿ ನೈಟ್ರೋಜನ್ನಿನ ಪಾಲು 3.16 ಬಾರ್, ಶೇ 32 ಆಕ್ಸಿಜನ್ ಇರುವ ನೈಟ್ರಾಕ್ಸ್ ಆದರೆ 2.72. ಅಂದರೆ ಗಾಳಿ ಉಸಿರಾಡುತ್ತ 24 ಮೀಟರ್ ಚಿಲ್ಲರೆ ಆಳದಲ್ಲಿದ್ದ ಹಾಗೆ. ಕಾಗದದ ಮೇಲೆ ಲಾಭವೇ.

ಎಡವಟ್ಟು ಇರುವುದು ಆಕ್ಸಿಜನ್‌ನಲ್ಲಿ. ಕೊಬ್ಬಿನಲ್ಲಿ ಹೆಚ್ಚು ಕರಗುವ ಅನಿಲಕ್ಕೆ ಅಮಲು ಹೆಚ್ಚು ಎಂಬುದು ಹಳೆಯ ಸೂತ್ರ. ಅದರ ಪ್ರಕಾರ ಆಕ್ಸಿಜನ್‌ನ ಶಕ್ತಿ ನೈಟ್ರೋಜನ್ನಿನ ಸುಮಾರು 1.7 ಪಟ್ಟು! ದೇಹ ಆಕ್ಸಿಜನ್ನನ್ನು ಬಳಸಿ ಮುಗಿಸುತ್ತಲೇ ಇರುವುದರಿಂದ ಅಂಗಾಂಶಗಳಲ್ಲಿ ಅದು ಅಷ್ಟು ಉಳಿಯದು. ಆದ್ದರಿಂದ ಅದರ ಅಮಲು ನಿಜಕ್ಕೂ ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಆಳದ ಡೈವ್ ಯೋಜಿಸುವವರು ಬಹುಪಾಲು ಎರಡನ್ನೂ ಸಮ ಎಂದೇ ಹಿಡಿಯುತ್ತಾರೆ, ಅದೇ ಸರಿ. ಹಾಗೆ ಹಿಡಿದರೆ ನೈಟ್ರಾಕ್ಸ್‌ನಿಂದ ಸಿಗುವ ವಿನಾಯಿತಿ ಸೊನ್ನೆ.

ಇನ್ನೊಂದು ಆರೋಪಿ ಇದೆ, ಇಂಗಾಲದ ಡೈಆಕ್ಸೈಡ್. ಪ್ರವಾಹದ ಎದುರು ಕಾಲು ಬಡಿಯುತ್ತ, ಗಾಬರಿಯಲ್ಲಿ ಚಿಕ್ಕ ಚಿಕ್ಕ ಉಸಿರೆಳೆದರೆ ಅದು ಮೈಯಲ್ಲೇ ಉಳಿದು ಮಂಪರನ್ನು ಏರಿಸುತ್ತದೆ. 30 ಮೀಟರಿನಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 5.2 ಗ್ರಾಂ, ಮೇಲಿನದರ ನಾಲ್ಕರಷ್ಟು. ಎಳೆದು ಬಿಡುವುದೇ ಒಂದು ಕೆಲಸ. ನೈಟ್ರಾಕ್ಸ್ ಇಲ್ಲೂ ನೆರವಿಗೆ ಬಾರದು, ಗಾಳಿಗಿಂತ ಅದು ಕೂದಲೆಳೆಯಷ್ಟು ಭಾರವೇ.

ಹಾಗಾಗಿ ನಿಧಾನ ಇಳಿಯಿರಿ, ಉಸಿರು ಪೂರ್ತಿ ಹೊರಬಿಡಿ, ಹಿಂದಿನ ರಾತ್ರಿ ಮದ್ಯ ಬೇಡ, ನಿದ್ದೆಗೆಡಬೇಡಿ. ತಳ ಮುಟ್ಟಿದ ಮೇಲೆ ಜೊತೆಗಾರ ಎರಡು ಬೆರಳು ತೋರಿಸಿದರೆ ನೀವು ಮೂರು ತೋರಿಸಬೇಕು ಎಂದು ದೋಣಿಯಲ್ಲೇ ಮಾತಾಡಿಕೊಳ್ಳಿ. ಉತ್ತರ ತಡವಾದರೆ, ಅಥವಾ ಎರಡನ್ನೇ ಮರಳಿ ತೋರಿಸಿದರೆ, ಜೊತೆಯಾಗಿ ಐದಾರು ಮೀಟರ್ ಮೇಲೆ ಬನ್ನಿ. ಅಮಲು ಒಂದೆರಡು ನಿಮಿಷದಲ್ಲೇ ಇಳಿಯುತ್ತದೆ, ತಲೆನೋವನ್ನೂ ಉಳಿಸದು. ಇಳಿಯದಿದ್ದರೆ ಅದು ನಾರ್ಕೋಸಿಸ್ ಅಲ್ಲದಿರಬಹುದು, ಡೈವ್ ಮುಗಿಸಿ.

ಪ್ರಶ್ನೆ: ಹಾಗಾದರೆ ನೈಟ್ರಾಕ್ಸ್‌ಗೆ ದುಡ್ಡು ಕೊಡುವುದೇಕೆ? ತೆಗೆದುಕೊಂಡರೆ ಏನು ನೋಡಬೇಕು?
– ಓದುಗರು, ಉಡುಪಿ

ಉತ್ತರ: ಸಮಯಕ್ಕೆ. ಡೈವಿಂಗ್ ತರಬೇತಿಯ ಪಾಡಿ ಸಂಸ್ಥೆಯ ಪಟ್ಟಿಯಲ್ಲಿ, ಮೇಲೆ ಬರುವಾಗ ಹಂತಹಂತವಾಗಿ ನಿಲ್ಲುವ ಅಗತ್ಯ ಬೀಳದಂತೆ ಗಾಳಿ ಉಸಿರಾಡಿ 30 ಮೀಟರಿನಲ್ಲಿ ಇರಬಹುದಾದದ್ದು 20 ನಿಮಿಷ. ಶೇ 32ರ ನೈಟ್ರಾಕ್ಸ್‌ಗೆ 25 ಮೀಟರಿನ ಸಾಲು ಸಾಕು, ಅಲ್ಲಿ 29 ನಿಮಿಷ. ರಕ್ತದಲ್ಲಿ ಗುಳ್ಳೆ ಕಟ್ಟುವ ಲೆಕ್ಕಕ್ಕೆ ಬೇಕಿರುವುದು ನೈಟ್ರೋಜನ್ ಮಾತ್ರ. ಅಮಲಿಗೆ ಹೊಂದದ ಲೆಕ್ಕ ಇಲ್ಲಿ ಹೊಂದುತ್ತದೆ.

ಸಿಲಿಂಡರಿನಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನೀವೇ ಅಳೆಯಿರಿ, ಅದರ ಮೇಲಿನ ಚೀಟಿಯನ್ನು ನಂಬಬೇಡಿ. ಆಕ್ಸಿಜನ್ ಅಳೆಯುವ ಅನಲೈಸರನ್ನು ಮೊದಲು ಬರಿಗಾಳಿಯಲ್ಲಿ ಹಿಡಿದು 20.9ಕ್ಕೆ ಹೊಂದಿಸಿ. ವಾಲ್ವನ್ನು ಸದ್ದು ಕೇಳಿಸುವಷ್ಟೇ ತೆರೆಯಿರಿ, ಜೋರಾಗಿ ಬಿಟ್ಟರೆ ಸೆನ್ಸರ್ ಮೇಲೆ ಒತ್ತಡ ಬಿದ್ದು ಅಂಕಿ ಸುಳ್ಳು ಹೇಳುತ್ತದೆ. ಅಂಕಿ ನಿಂತ ಮೇಲೆ ಟೇಪಿನ ಮೇಲೆ ಶೇಕಡಾವಾರು, ಗರಿಷ್ಠ ಆಳ, ದಿನಾಂಕ, ನಿಮ್ಮ ಸಹಿ ಬರೆದು ಅಂಟಿಸಿ.

ಗರಿಷ್ಠ ಆಳದ ಲೆಕ್ಕ ಸರಳ: ಆಕ್ಸಿಜನ್ ಒತ್ತಡದ ಮಿತಿಯಾದ 1.4 ಬಾರನ್ನು ಆಕ್ಸಿಜನ್ ಅಂಶದಿಂದ (ಶೇ 32 ಆದರೆ 0.32) ಭಾಗಿಸಿ, ಒಂದು ಕಳೆದು, ಹತ್ತರಿಂದ ಗುಣಿಸಿ. ಶೇ 32ಕ್ಕೆ 33 ಮೀಟರ್, 36ಕ್ಕೆ 28. ಚೀಟಿಯಲ್ಲಿ 32 ಇದ್ದು ಅನಲೈಸರ್ 36 ತೋರಿಸಿದರೆ ನಿಮ್ಮ 30 ಮೀಟರಿನ ಡೈವ್ ಅಲ್ಲಿಗೇ ರದ್ದು. ಮಿತಿ ಮೀರಿದರೆ ಮುನ್ಸೂಚನೆಯಿಲ್ಲದೆ ಮೈ ಸೆಳವು (ಫಿಟ್ಸ್) ಬರಬಹುದು. ನೀರಿನಡಿ ಸೆಳವೆಂದರೆ ಬಾಯಿಂದ ರೆಗ್ಯುಲೇಟರ್ ಜಾರಿ ಮುಳುಗುವುದೇ. ಡೈವ್ ಕಂಪ್ಯೂಟರಿಗೂ ಅದೇ ಅಂಕಿ ಹಾಕಿ. ಕೆಲವು ಕಂಪ್ಯೂಟರುಗಳು ಸ್ವಲ್ಪ ಹೊತ್ತಿನ ನಂತರ ತಾವಾಗಿ ಗಾಳಿಯ ಲೆಕ್ಕಕ್ಕೆ ಮರಳುತ್ತವೆ, ನೀರಿಗೆ ಬೀಳುವ ಮುನ್ನ ಮತ್ತೊಮ್ಮೆ ನೋಡಿ.

ಪ್ರಶ್ನೆ: ಅಮಲನ್ನು ನಿಜಕ್ಕೂ ತಗ್ಗಿಸುವ ಮಿಶ್ರಣ ಇಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಇದೆ, ಹೀಲಿಯಂ ಬೆರೆಸಿದ ಟ್ರೈಮಿಕ್ಸ್. ಶೇ 21 ಆಕ್ಸಿಜನ್, 35 ಹೀಲಿಯಂ, ಉಳಿದದ್ದು ನೈಟ್ರೋಜನ್ ಇದ್ದರೆ 50 ಮೀಟರಿನಲ್ಲಿ ಆಗುವ ಮಂಪರು, ಗಾಳಿ ಉಸಿರಾಡಿ 29 ಮೀಟರಿನಲ್ಲಿ ಇದ್ದಷ್ಟೇ. ಅನಿಲ ಹಗುರವಾದ್ದರಿಂದ ಉಸಿರೂ ಸಲೀಸು. ಆದರೆ ಹೀಲಿಯಂ ದುಬಾರಿ, ತರಬೇತಿಯೇ ಬೇರೆ, ಮೇಲೆ ಬರುವಾಗ ಹಂತಹಂತವಾಗಿ ನಿಲ್ಲಬೇಕು. 30 ಮೀಟರಿನ ಮಂಪರಿಗೆ ಇಷ್ಟೆಲ್ಲ ಬೇಕಿಲ್ಲ. 22 ಮೀಟರಿಗೆ ಡೈವ್ ಮಾಡಿ.