ಸಂಪಾದಕರ ಉತ್ತರ: ಗ್ಲಾಮರ್ ಯಾವ ಊರಿನದು?

ಮೈಸೂರಿನ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಕಳೆದ ಸಂಚಿಕೆಯ ಅಮೆರಿಕ ಪ್ರವಾಸ ಲೇಖನದಲ್ಲಿ ನ್ಯೂಯಾರ್ಕ್‌ಗೆ ನಾಲ್ಕು ಪುಟ, ಲಾಸ್ ಏಂಜಲೀಸ್‌ಗೆ ಅರ್ಧ ಪುಟ ಕೊಟ್ಟಿದ್ದೀರಿ. ಮಗಳು ಲಾಸ್ ಏಂಜಲೀಸ್‌ನಲ್ಲಿದ್ದಾಳೆ, ನಾನು ಎರಡೂ ಊರು ನೋಡಿದವಳು. ನ್ಯೂಯಾರ್ಕ್‌ನಲ್ಲಿ ಫುಟ್‌ಪಾತ್ ತುಂಬ ಕಸದ ಚೀಲ, ಇಲಿ, ಗಲಾಟೆ, ಸಬ್‌ವೇ ರೈಲಿನಲ್ಲಿ ವಾಸನೆ. ಗ್ಲಾಮರ್ ಅಂದ್ರೆ ಹಾಲಿವುಡ್ ಅಲ್ವಾ? ಜಗತ್ತಿಗೆಲ್ಲ ಗೊತ್ತಿರುವುದು ಅದೇ ತಾನೇ?"

ಮೇಡಂ, ಜಗಳ ಆಡಲೇಬೇಕು ಅಂತ ಬರೆದ ಪತ್ರ ಓದುವುದೇ ಒಂದು ಖುಷಿ. ಬನ್ನಿ, ಆಡೋಣ.

ಮೊದಲು ಕಸದ ವಿಷಯ ಮುಗಿಸಿಬಿಡುತ್ತೇನೆ. ನೀವು ಹೇಳಿದ್ದು ನಿಜ. ಅದಕ್ಕೆ ಕಾರಣ 1811ರಷ್ಟು ಹಳೆಯದು. ಆ ವರ್ಷ ಮ್ಯಾನ್‌ಹಟನ್‌ಗೆ ನಕ್ಷೆ ಹಾಕಿದವರು ಉದ್ದಕ್ಕೆ ಅವೆನ್ಯೂ, ಅಡ್ಡಕ್ಕೆ ಸ್ಟ್ರೀಟ್ ಅಂತ ಗೆರೆ ಎಳೆದರೇ ಹೊರತು ಮನೆಗಳ ಹಿಂದೆ ಜಾಗ ಬಿಡಲಿಲ್ಲ. ನಿಮ್ಮ ಮೈಸೂರಿನ ಹಳೇ ಬಡಾವಣೆಗಳಲ್ಲಿ ಇರುತ್ತಲ್ಲ ಕನ್ಸರ್ವೆನ್ಸಿ ಗಲ್ಲಿ, ಅಂಥದ್ದು ಅಲ್ಲಿ ಬಹುತೇಕ ಇಲ್ಲವೇ ಇಲ್ಲ. ಹಾಗಾಗಿ ಕೋಟ್ಯಧಿಪತಿಯ ಮನೆಯ ಕಸವೂ ಮುಂಬಾಗಿಲಿಗೇ ಬರಬೇಕು. ಇತ್ತೀಚೆಗೆ ಮುಚ್ಚಳದ ಡಬ್ಬಿ ಕಡ್ಡಾಯ ಮಾಡುತ್ತಾ ಬಂದಿದ್ದಾರೆ. ಇಲಿಗಳು ಅದಕ್ಕೆ ಏನನ್ನುತ್ತವೋ ನೋಡಬೇಕು.

ಈಗ ಗ್ಲಾಮರ್. ಬೆಟ್ಟದ ಮೇಲೆ ಬಿಳಿ ಅಕ್ಷರದಲ್ಲಿ ಹಾಲಿವುಡ್ ಅಂತ ಬರೆದ ಆ ಬೋರ್ಡು ಇದೆಯಲ್ಲ, ಅದರ ಮುಂದೆ ನೀವೂ ಫೋಟೋ ತೆಗೆಸಿಕೊಂಡಿರುತ್ತೀರಿ. 1923ರಲ್ಲಿ ಅದನ್ನು ನಿಲ್ಲಿಸಿದ್ದು ಸಿನಿಮಾದವರಲ್ಲ, ಲೇಔಟ್ ಮಾಡಿದವರು. ಆಗ ಅದರಲ್ಲಿ ಇದ್ದದ್ದು "ಹಾಲಿವುಡ್‌ಲ್ಯಾಂಡ್", ಇಂಗ್ಲಿಷಿನಲ್ಲಿ 13 ಅಕ್ಷರ, ರಾತ್ರಿ ಮಿನುಗಲು ಸುಮಾರು 4,000 ಬಲ್ಬು. ಸೈಟು ಮಾರಾಟಕ್ಕಿದೆ ಅನ್ನುವ ಬೋರ್ಡು ಅದು, ಅಷ್ಟೇ. 1949ರಲ್ಲಿ "ಲ್ಯಾಂಡ್" ಕಿತ್ತುಹಾಕಿದರು. ಈಗ ಕಾಣುವ 45 ಅಡಿಯ ಅಕ್ಷರಗಳು 1978ರಲ್ಲಿ ಹೊಸದಾಗಿ ನಿಲ್ಲಿಸಿದವು. ಜಗತ್ತಿನಲ್ಲಿ ಇಷ್ಟು ಹೆಸರು ಮಾಡಿದ ಸೈಟಿನ ಬೋರ್ಡು ಇನ್ನೊಂದಿಲ್ಲ.

ಇನ್ನೂ ತಮಾಷೆಯೆಂದರೆ, ಸಿನಿಮಾ ಮೊದಲು ಬೆಳೆದದ್ದೇ ನ್ಯೂಯಾರ್ಕ್‌ನಲ್ಲಿ ಮತ್ತು ಹಡ್ಸನ್ ನದಿಯಾಚೆಯ ನ್ಯೂಜೆರ್ಸಿಯಲ್ಲಿ. 1908ರಲ್ಲಿ ಥಾಮಸ್ ಎಡಿಸನ್ ಮತ್ತು ಇತರ ಪೇಟೆಂಟ್ ಒಡೆಯರು ಸೇರಿ ಒಂದು ಕಂಪನಿ ಕಟ್ಟಿ, ಕ್ಯಾಮೆರಾ ಹಿಡಿದವರ ಹತ್ತಿರವೆಲ್ಲ ದುಡ್ಡು ಕೇಳಲು ಶುರುಮಾಡಿದರು. ಕೋರ್ಟು ಕಚೇರಿ ಬೇಡ ಅಂದವರಿಗೆ ಲಾಸ್ ಏಂಜಲೀಸ್ ಇರುವ ಪಶ್ಚಿಮ ಕರಾವಳಿ ತಪ್ಪಿಸಿಕೊಳ್ಳುವಷ್ಟು ದೂರದಲ್ಲಿತ್ತು. ಮೇಲಾಗಿ ಅಲ್ಲಿ ವರ್ಷವಿಡೀ ಬಿಸಿಲು, ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಮರುಭೂಮಿ, ಬೆಟ್ಟ, ಸಮುದ್ರ ಎಲ್ಲ. ಆಗಿನ ಫಿಲ್ಮಿಗೆ ಬೆಳಕು ಜಾಸ್ತಿ ಬೇಕಿತ್ತು, ಬಿಸಿಲು ಪುಕ್ಕಟೆ. ಹೊರಟೇಬಿಟ್ಟರು. (ಆ ಎಡಿಸನ್ ಹೆಸರಿನ ಊರಿನಲ್ಲೇ ಇವತ್ತು ನ್ಯೂಜೆರ್ಸಿಯ ನಮ್ಮವರು ಓಕ್ ಟ್ರೀ ರೋಡಿನಲ್ಲಿ ತೊಗರಿಬೇಳೆ ಕೊಳ್ಳುತ್ತಾರೆ.)

ಹಾಗಾಗಿ ನನ್ನ ಮಾತು ಇದು. ಲಾಸ್ ಏಂಜಲೀಸ್‌ನ ಗ್ಲಾಮರ್ ಪಾರ್ಸೆಲ್ ಹೋಗುವ ಊಟ. ಅದನ್ನು ತಯಾರಿಸುವುದೇ ಹೊರಗಿನವರಿಗೆ. ಮೈಸೂರಿನಲ್ಲಿ ಸೋಫಾದ ಮೇಲೆ ಕೂತವರಿಗೂ ಅದು ಬಿಸಿಬಿಸಿಯಾಗಿಯೇ ಸಿಗುತ್ತದೆ. ತಯಾರಾದ ಜಾಗಕ್ಕೆ ಹೋದರೆ ಕಾಣುವುದು ಸ್ಟುಡಿಯೋದ ಎತ್ತರದ ಗೋಡೆ, ಗೇಟು, ಸೆಕ್ಯುರಿಟಿ. ಮೊದಲ ಆಸ್ಕರ್ 1929ರಲ್ಲಿ ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ ಸುಮಾರು ಕಾಲು ಗಂಟೆಯಲ್ಲಿ ಮುಗಿದಿತ್ತು. ಈಗ ಡಾಲ್ಬಿ ಥಿಯೇಟರ್ ಮುಂದೆ ರಸ್ತೆಯನ್ನೇ ಬಂದ್ ಮಾಡಿ ಕೆಂಪು ಹಾಸು ಹಾಸುತ್ತಾರೆ. ಅದನ್ನು ಸುತ್ತಿಟ್ಟ ಮೇಲೆ ಅದೇ ರಸ್ತೆಯಲ್ಲಿ ಉಳಿಯುವುದು ಕೀಚೈನ್ ಅಂಗಡಿ, ಮಾಸಿದ ಸ್ಪೈಡರ್‌ಮ್ಯಾನ್ ಬಟ್ಟೆ ಹಾಕಿ ಫೋಟೋಗೆ ದುಡ್ಡು ಕೇಳುವವರು. ಶ್ರೀಮಂತಿಕೆ ನೋಡೋಣ ಅಂತ ಬೆವರ್ಲಿ ಹಿಲ್ಸ್‌ಗೆ ಹೋದಿರೋ, ಅದು ಲಾಸ್ ಏಂಜಲೀಸ್ ನಗರಕ್ಕೆ ಸೇರಿದ್ದೇ ಅಲ್ಲ. 1914ರಿಂದ ಅದರ ಆಡಳಿತವೇ ಬೇರೆ.

ನ್ಯೂಯಾರ್ಕ್ ಹಾಗಲ್ಲ. ಅಲ್ಲಿಯದನ್ನು ಅಲ್ಲೇ ಹೋಗಿ ಉಣ್ಣಬೇಕು. ಬ್ರಾಡ್‌ವೇ ಅಂದರೆ 41 ನಾಟಕಶಾಲೆ. ಟೈಮ್ಸ್ ಸ್ಕ್ವೇರ್‌ನಲ್ಲಿ ಕೆಂಪು ಮೆಟ್ಟಿಲು ಇದೆಯಲ್ಲ, ಅದರ ಕೆಳಗೆ ಒಂದು ಟಿಕೆಟ್ ಕೌಂಟರ್. ಅವತ್ತಿನ ಆಟಕ್ಕೆ ಮಾರಾಟವಾಗದ ಟಿಕೆಟ್ಟುಗಳನ್ನು ಸುಮಾರು ಅರ್ಧ ಬೆಲೆಗೆ ಕೊಡುತ್ತಾರೆ. ಸಂಜೆ ಕ್ಯೂನಲ್ಲಿ ನಿಂತರೆ ಮುಂದೆ ಬ್ರೆಜಿಲ್‌ನವರು, ಹಿಂದೆ ಓಹಾಯೋದ ರೈತ ದಂಪತಿ, ಪಕ್ಕದಲ್ಲಿ ಅವತ್ತೇ ಆಡಿಷನ್ ಕೊಟ್ಟು ಬಂದ ಹುಡುಗಿ. ಎರಡು ಗಂಟೆಯ ನಂತರ ಎಲ್ಲರೂ ಒಂದೇ ಸಭಾಂಗಣದಲ್ಲಿ. ಅದಕ್ಕೆ ಕಾರು ಬೇಡ, ಪರಿಚಯ ಬೇಡ. ಆಟ ಮುಗಿದು ರಾತ್ರಿ ಎಷ್ಟು ಹೊತ್ತಾದರೂ ಸಬ್‌ವೇ ರೈಲು ಸಿಗುತ್ತದೆ. 1904ರಲ್ಲಿ ಶುರುವಾದದ್ದು, 24 ಗಂಟೆಯೂ ಓಡುತ್ತದೆ. ಅದರ ವಾಸನೆಯ ಬಗ್ಗೆ ನೀವು ಬರೆದ ಸಾಲನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ನೋಡಿ, ಲಾಸ್ ಏಂಜಲೀಸ್‌ಗೂ ರೈಲಿತ್ತು. "ರೆಡ್ ಕಾರ್" ಅನ್ನುವ ಟ್ರಾಮು ಸಾವಿರ ಮೈಲಿಗೂ ಹೆಚ್ಚು ಹಳಿಯ ಮೇಲೆ ಓಡುತ್ತಿತ್ತು. ಹೆನ್ರಿ ಹಂಟಿಂಗ್‌ಟನ್ ಅನ್ನುವ ಆಸಾಮಿ ಹಳಿ ಹಾಕಿದ್ದೂ ಅಕ್ಕಪಕ್ಕದ ಜಮೀನು ಮಾರಲಿಕ್ಕೇ. ಊರು ಅಷ್ಟಗಲ ಹರಡಿದ್ದು ಕಾರಿನಿಂದ ಅಂತ ಎಲ್ಲರೂ ಬೈಯುತ್ತಾರೆ, ಮೊದಲು ಹರಡಿಸಿದ್ದು ಟ್ರಾಮು. ಜಮೀನು ಮಾರಿ ಮುಗಿಯಿತು, ಟ್ರಾಮಿನಲ್ಲಿ ಲಾಭ ಉಳಿಯಲಿಲ್ಲ, 1961ಕ್ಕೆ ಕೊನೆಯ ಗಾಡಿಯೂ ನಿಂತಿತು. 1990ರಿಂದ ಮತ್ತೆ ಮೆಟ್ರೋ ಹಾಕುತ್ತಿದ್ದಾರೆ.

ಆದರೆ "ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಬಿಟ್ಟು ಸಂಸ್ಕೃತಿ ಎಲ್ಲಿದೆ" ಅಂತ ನ್ಯೂಯಾರ್ಕ್‌ನವರು ಮೂಗು ಮುರಿಯುತ್ತಾರಲ್ಲ, ಅಲ್ಲಿ ನಾನು ನಿಮ್ಮ ಪಕ್ಷ. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಕಾದಂಬರಿಕಾರ ಥಾಮಸ್ ಮನ್, ನಾಟಕಕಾರ ಬ್ರೆಕ್ಟ್, ಸಂಗೀತಗಾರ ಷೋನ್‌ಬರ್ಗ್ ಎಲ್ಲರೂ 1940ರ ದಶಕದಲ್ಲಿ ಬದುಕಿದ್ದು ಅಲ್ಲೇ. ಇನ್ನೊಂದು ನಿದರ್ಶನ ಕೇಳಿ. ವ್ಯಾನ್ ಗೋ 1889ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಬಿಡಿಸಿದ ಚಿತ್ರಗಳಲ್ಲಿ ಒಂದು, ನಕ್ಷತ್ರಗಳ ರಾತ್ರಿ, ನ್ಯೂಯಾರ್ಕ್‌ನ ಮೋಮಾ ಅನ್ನುವ ಕಲಾ ಮ್ಯೂಸಿಯಂನಲ್ಲಿದೆ. ಇನ್ನೊಂದು, ನೀಲಿ ಐರಿಸ್ ಹೂಗಳದ್ದು, ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಮೊದಲನೆಯದಕ್ಕೆ 30 ಡಾಲರ್ ಕೊಟ್ಟು ಒಳಗೆ ಹೋದರೆ ಚಿತ್ರಕ್ಕಿಂತ ಮುಂಚೆ ಕಾಣುವುದು ಮೇಲೆತ್ತಿದ ಮೊಬೈಲುಗಳು. ಎರಡನೆಯದಕ್ಕೆ ಪ್ರವೇಶ ಉಚಿತ (ಕಾರು ನಿಲ್ಲಿಸಲು ಮಾತ್ರ ದುಡ್ಡು ಕೀಳುತ್ತಾರೆ, ಆ ಊರಿನ ಬುದ್ಧಿ). ಬೆಟ್ಟದ ಮೇಲೆ ಪುಟ್ಟ ಟ್ರಾಮಿನಲ್ಲಿ ಹೋಗಿ, ಹೂವಿನ ಒಂದೊಂದು ಎಸಳಿನ ಗೆರೆಯನ್ನೂ ಸಾವಕಾಶವಾಗಿ ನೋಡಬಹುದು. ಸಾಲಿನಲ್ಲಿ ಒಂದು ಹೂ ಮಾತ್ರ ಬಿಳಿ. ಅದನ್ನು ನೋಡಲು ನನಗೆ ಗೆಟ್ಟಿಯೇ ಬೇಕು.

ಇನ್ನು ಅಂತಾರಾಷ್ಟ್ರೀಯ ಆಕರ್ಷಣೆ. ವಿಶ್ವಸಂಸ್ಥೆ ನ್ಯೂಯಾರ್ಕ್‌ನಲ್ಲಿದೆ, ಸ್ವಾತಂತ್ರ್ಯ ದೇವಿ ಅಲ್ಲಿದ್ದಾಳೆ, 1892ರಿಂದ 1954ರವರೆಗೆ ಸುಮಾರು 1.2 ಕೋಟಿ ವಲಸಿಗರು ಅಲ್ಲಿನ ಎಲ್ಲಿಸ್ ದ್ವೀಪದ ಮೂಲಕ ಬಂದಿಳಿದರು. ಇದೆಲ್ಲ ಗೊತ್ತಿರುವುದೇ. ಆದರೆ ಇವತ್ತು ಎರಡೂ ನಗರಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಅಮೆರಿಕದ ಹೊರಗೆ ಹುಟ್ಟಿದವರು. ವ್ಯತ್ಯಾಸ ಇರುವುದು ಅವರು ಒಬ್ಬರಿಗೊಬ್ಬರು ಎದುರಾಗುತ್ತಾರಾ ಅನ್ನುವುದರಲ್ಲಿ. ನಮ್ಮ ದೇವಸ್ಥಾನಗಳನ್ನೇ ನೋಡಿ. ನ್ಯೂಯಾರ್ಕ್‌ನ ಗಣೇಶ ಗುಡಿ 1977ರದ್ದು. 7ನೇ ನಂಬರಿನ ರೈಲಿನಲ್ಲಿ ಕೊನೆಯ ನಿಲ್ದಾಣ ಫ್ಲಷಿಂಗ್‌ನಲ್ಲಿ ಇಳಿದು, ಚೀನೀಯರ ತರಕಾರಿ ಅಂಗಡಿಗಳ ನಡುವೆ ನಡೆದು ಹೋದರೆ ಗುಡಿಯ ನೆಲಮಾಳಿಗೆಯಲ್ಲಿ ದೋಸೆ. ಲಾಸ್ ಏಂಜಲೀಸ್ ಕಡೆಯ ವೆಂಕಟೇಶ್ವರ ದೇವಸ್ಥಾನ ಕ್ಯಾಲಬಾಸಸ್ ಬೆಟ್ಟಗಳ ನಡುವೆ ಎಷ್ಟು ಚೆಂದ ಇದೆ! ಆದರೆ ಮಗಳು ಕಾರು ತೆಗೆಯದಿದ್ದರೆ ನೀವು ಹೋದ ಹಾಗೆಯೇ.

ನಿಮ್ಮ ಪತ್ರದಲ್ಲಿ ಒಂದು ಹೆಸರು ಸಿಗುತ್ತದೆ ಅಂತ ಕಾದಿದ್ದೆ, ಸಿಗಲಿಲ್ಲ. ಸಾಬು. ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದವನು, ಮೈಸೂರು ಮಹಾರಾಜರ ಆನೆ ಲಾಯದ ಮಾವುತನ ಮಗ. ಸಿನಿಮಾ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯವರ ತಂಡ ಆನೆಯ ಕಥೆ ತೆಗೆಯಲು ಬಂದಾಗ ಈ ಹುಡುಗನನ್ನು ಆರಿಸಿತು. 1937ರಲ್ಲಿ ಸಿನಿಮಾ ಬಂತು, ಅವನು ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್. 1944ರಲ್ಲಿ ಅಮೆರಿಕದ ಪ್ರಜೆಯಾಗಿ ಯುದ್ಧವಿಮಾನದಲ್ಲಿ ಗನ್ನರ್ ಆಗಿಯೂ ದುಡಿದ. ತೀರಿಕೊಂಡಾಗ ಅವನಿಗೆ 39 ವರ್ಷ. ಹಾಲಿವುಡ್ ಬುಲೆವಾರ್ಡ್‌ನ ಫುಟ್‌ಪಾತಿನಲ್ಲಿ ಅವನ ಹೆಸರಿನ ನಕ್ಷತ್ರವಿದೆ. ಗುಲಾಬಿ ಕಲ್ಲಿನ ಮೇಲೆ ಹಿತ್ತಾಳೆಯಲ್ಲಿ ನಾಲ್ಕೇ ಅಕ್ಷರ, ಕೆಳಗೆ ಒಂದು ಕ್ಯಾಮೆರಾದ ಗುರುತು.

ಮುಂದಿನ ಸಲ ಹೋದಾಗ ಅದನ್ನು ಹುಡುಕಿ, ಫೋಟೋ ಕಳಿಸಿ, ಹಾಕುತ್ತೇವೆ. ಸಂಜೆ ಗ್ರಿಫಿತ್ ವೀಕ್ಷಣಾಲಯಕ್ಕೂ ಹೋಗಿ, ಅದೂ ಪುಕ್ಕಟೆ, ಊರಿನ ದೀಪಗಳೆಲ್ಲ ಕಾಣುತ್ತವೆ. ಸೋಮವಾರ ಮಾತ್ರ ಬೇಡ. ಗ್ರಿಫಿತ್, ಗೆಟ್ಟಿ ಎರಡೂ ಅವತ್ತು ಬಾಗಿಲು ಹಾಕಿರುತ್ತವೆ.

— ಸಂಪಾದಕ