ಅಮೆರಿಕದಲ್ಲಿ ಕೈರೋಪ್ರ್ಯಾಕ್ಟರ್ (ಬೆನ್ನು, ಕತ್ತಿನ ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಆಗಲು ಎಷ್ಟು ವರ್ಷ ಓದಬೇಕು? ಬೆನ್ನಿನ ನೆಟಿಗೆ ತೆಗೆಯಲು ಅಷ್ಟು ಓದು ಯಾಕೆ?
ಹೈಸ್ಕೂಲು (ಅಲ್ಲಿ ಹನ್ನೆರಡನೇ ತರಗತಿ) ಮುಗಿದ ಮೇಲೆ ಸುಮಾರು ಆರೂವರೆಯಿಂದ ಎಂಟು ವರ್ಷ. ಪದವಿ ಕಾಲೇಜಿನಲ್ಲಿ ಸಾಮಾನ್ಯವಾಗಿ 90 ಕ್ರೆಡಿಟ್, ಅಂದರೆ ಮೂರು ವರ್ಷದ ಓದು. ಆಮೇಲೆ ಕೈರೋಪ್ರ್ಯಾಕ್ಟಿಕ್ ಕಾಲೇಜಿನಲ್ಲಿ ಕನಿಷ್ಠ 4,200 ಗಂಟೆಗಳ ಕೋರ್ಸು. ರಜೆ ಕಡಿಮೆ ಕೊಡುವ ಕಾಲೇಜುಗಳಲ್ಲಿ ಇದು ಸುಮಾರು ಮೂರೂವರೆ ವರ್ಷಕ್ಕೇ ಮುಗಿಯುತ್ತದೆ.

ಒತ್ತುವ ಕೌಶಲವೇ ಸುಲಭದ್ದಲ್ಲ. ಕೀಲನ್ನು ಅದರ ಸಹಜ ಚಲನೆಯ ಅಂಚಿಗೆ ಒಯ್ದು, ಸಡಿಲವಿಲ್ಲದಂತೆ ಹಿಡಿದು, ಥಟ್ಟನೆ, ಆದರೆ ಅತಿ ಕಡಿಮೆ ದೂರ ಒತ್ತಬೇಕು. ಸಡಿಲ ಉಳಿದರೆ ಬಲ ಅಕ್ಕಪಕ್ಕದ ಕೀಲುಗಳಿಗೆ ಹಂಚಿಹೋಗುತ್ತದೆ. ನಿಧಾನಿಸಿದರೆ ಸ್ನಾಯು ಬಿಗಿದು ತಡೆಯುತ್ತದೆ. ಅಭ್ಯಾಸದಿಂದ ಕೈ ಇದನ್ನು ಕಲಿತುಬಿಡುತ್ತದೆ.

ಯಾರಿಗೆ ಒತ್ತಲೇಬಾರದು ಎಂದು ಗುರುತಿಸುವುದು ಇನ್ನೂ ದೊಡ್ಡ ವಿದ್ಯೆ. ಮೂಳೆ ಟೊಳ್ಳಾಗಿದ್ದರೆ, ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಮೂಳೆ ಮುರಿಯಬಹುದು. ಕತ್ತಿನ ರಕ್ತನಾಳದ ಒಳಪದರ ಹರಿದಿದ್ದರೂ ರೋಗಿ ಹೇಳುವುದು ಬರೀ ಕತ್ತುನೋವು, ತಲೆನೋವು ಎಂದೇ ಇರಬಹುದು. ಅಲ್ಲಿ ಕತ್ತು ತಿರುಗಿಸಿದರೆ ಪಾರ್ಶ್ವವಾಯುವಿನ ಅಪಾಯ. ಅದಕ್ಕೇ ಶವಚ್ಛೇದನ, ನರಗಳ ಪರೀಕ್ಷೆ, ಎಕ್ಸ್‌ರೇ ಓದುವುದು, ರೋಗಪತ್ತೆ ಇವಕ್ಕೆಲ್ಲ ಅಷ್ಟು ಸಮಯ. ಕೊನೆಯ ಹಂತದಲ್ಲಿ ಮೇಲ್ವಿಚಾರಕರ ಎದುರಿನಲ್ಲೇ ರೋಗಿಗಳನ್ನು ನೋಡಬೇಕು.

ಜೊತೆಗೆ ರಾಷ್ಟ್ರೀಯ ಮಂಡಳಿಯ ನಾಲ್ಕು ಭಾಗಗಳ ಪರೀಕ್ಷೆ ಇದೆ. ಅದಾದ ಮೇಲೂ ಕೆಲಸ ಮಾಡಲು ಆಯಾ ರಾಜ್ಯದ ಲೈಸೆನ್ಸ್ ಬೇಕು.